ಉಣಕಲ್ ಕೆರೆಯಲ್ಲಿ ಸೇನಾ ಸಾಗಣೆ ಹಡಗು: ಒಂದು ವಿದ್ಯಾರ್ಥಿ ಯೋಜನೆಯ ಪ್ರಕರಣ ಅಧ್ಯಯನ

ಹಿನ್ನೆಲೆ

ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜೊಂದರ ಮೆಕ್ಯಾನಿಕಲ್ ವಿಭಾಗದಲ್ಲಿ ಅಂತಿಮ ವರ್ಷದ ಐವರು ವಿದ್ಯಾರ್ಥಿಗಳು ಕೈಗೊಂಡ ಯೋಜನೆಯ ವಿವರ ಇದು. ನಾನು ಅದಕ್ಕೆ ಮಾರ್ಗದರ್ಶಕನಾಗಿದ್ದೆ. ಕಾಲೇಜಿನ ಹೆಸರು, ವರ್ಷ ಮತ್ತು ವ್ಯಕ್ತಿಗಳ ಗುರುತನ್ನು ಬಿಟ್ಟಿದ್ದೇನೆ. ಕೆಲಸ ನಡೆದ ಕ್ರಮವನ್ನೂ ನಾವು ತಪ್ಪಿದ ಜಾಗಗಳನ್ನೂ ಇದ್ದಂತೆಯೇ ಬರೆದಿದ್ದೇನೆ. ಮುಂದೆ ಇಂಥ ವಿಷಯ ಎತ್ತಿಕೊಳ್ಳುವ ತಂಡಗಳಿಗೆ ನಮ್ಮ ತಪ್ಪುಗಳೇ ಹೆಚ್ಚು ಉಪಯೋಗಕ್ಕೆ ಬಂದಾವು ಎಂಬ ನಂಬಿಕೆ ನನ್ನದು.

ವಿಷಯ ಆಯ್ದವರು ವಿದ್ಯಾರ್ಥಿಗಳು. ಸೈನಿಕರನ್ನೂ ಅವರ ವಾಹನ, ಸಾಮಾನುಗಳನ್ನೂ ಒಂದೇ ಬಾರಿಗೆ ತುಂಬಿಕೊಂಡು ಸಾಮಾನ್ಯ ಸಾಗಣೆ ಹಡಗಿನ ಎರಡರಷ್ಟು ವೇಗದಲ್ಲಿ ಓಡುವ ಹಡಗಿನ ಒಂದು ಮಾದರಿಯನ್ನು ವಿನ್ಯಾಸ ಮಾಡಿ, ಕಟ್ಟಿ, ನೀರಿನಲ್ಲಿ ಓಡಿಸಿ ನೋಡಬೇಕೆಂಬುದು ಅವರ ಆಸೆಯಾಗಿತ್ತು. ಸಮುದ್ರವಿಲ್ಲದ ಊರಿನಲ್ಲಿ ಹಡಗಿನ ಯೋಜನೆ ಏಕೆಂದು ವಿಭಾಗದಲ್ಲಿ ಕೆಲವರು ಕೇಳಿದರು. ಆದರೆ ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದರೆ ನಾಲ್ಕು ತಾಸಿನಲ್ಲಿ ಕಾರವಾರ, ಅಲ್ಲಿ ನೌಕಾಪಡೆಯ ಐಎನ್ಎಸ್ ಕದಂಬ ನೆಲೆ. ಇತ್ತ ಗೋಕುಲ ರಸ್ತೆ ಮತ್ತು ತಾರಿಹಾಳದ ಕೈಗಾರಿಕಾ ಪ್ರದೇಶಗಳಲ್ಲಿ ಎರಕ, ವಾಲ್ವ್ ಮತ್ತು ಫ್ಯಾಬ್ರಿಕೇಶನ್ ಕೆಲಸ ಬಲ್ಲ ನುರಿತ ಕೈಗಳಿಗೆ ಕೊರತೆಯಿಲ್ಲ. ಹೀಗಾಗಿ ನಾನು ಒಪ್ಪಿದೆ.

ತಂಡವು ತನ್ನ ವಿನ್ಯಾಸಕ್ಕೆ ಆಧಾರವಾಗಿ ಹಿಡಿದುಕೊಂಡದ್ದು ಅಮೆರಿಕದ ಸ್ಪಿಯರ್‌ಹೆಡ್ ವರ್ಗದ ಹಡಗನ್ನು. ಅಲಬಾಮಾದ ಮೊಬೈಲ್ ನಗರದಲ್ಲಿ ಆಸ್ಟಲ್ ಕಂಪನಿ ಕಟ್ಟಿದ ಈ ವರ್ಗದ ಮೊದಲ ಹಡಗು 2012ರ ಡಿಸೆಂಬರಿನಲ್ಲಿ ಅಲ್ಲಿನ ನೌಕಾಪಡೆಯ ಕೈ ಸೇರಿತು. ಅದು ಅವಳಿ ಒಡಲಿನ, ಅಂದರೆ ಕ್ಯಾಟಮರಾನ್ ಮಾದರಿಯ ಅಲ್ಯೂಮಿನಿಯಂ ಹಡಗು. ಉದ್ದ 103 ಮೀಟರ್, ಅಗಲ 28.5 ಮೀಟರ್, ನೀರಿನೊಳಗೆ ಇಳಿಯುವ ಆಳ ಮಾತ್ರ 3.83 ಮೀಟರ್. ತಲಾ 9.1 ಮೆಗಾವಾಟ್ ಶಕ್ತಿಯ ನಾಲ್ಕು ಡೀಸೆಲ್ ಎಂಜಿನ್‌ಗಳು, ನೀರನ್ನು ಹಿಂದಕ್ಕೆ ಚಿಮ್ಮಿಸಿ ಹಡಗನ್ನು ಮುಂದಕ್ಕೆ ತಳ್ಳುವ ನಾಲ್ಕು ವಾಟರ್‌ಜೆಟ್‌ಗಳನ್ನು ನಡೆಸುತ್ತವೆ. ಸುಮಾರು 544 ಟನ್ ಹೊರೆ ಮತ್ತು ವಿಮಾನದಲ್ಲಿರುವಂಥ ಆಸನಗಳಲ್ಲಿ 312 ಸೈನಿಕರನ್ನು ಹೊತ್ತು ಗಂಟೆಗೆ 35 ನಾಟಿಕಲ್ ಮೈಲಿಯ ವೇಗದಲ್ಲಿ, ಅಂದರೆ 35 ನಾಟ್‌ನಲ್ಲಿ, 1,200 ನಾಟಿಕಲ್ ಮೈಲಿ ಸಾಗಬಲ್ಲದು.

ಈ ಕಲ್ಪನೆ ಹುಟ್ಟಿದ್ದು ಯುದ್ಧನೌಕೆಯಿಂದಲ್ಲ, ಪ್ರಯಾಣಿಕರ ಫೆರಿಯಿಂದ. 1999ರಲ್ಲಿ ಆಸ್ಟ್ರೇಲಿಯಾದ ನೌಕಾಪಡೆ ಟ್ಯಾಸ್ಮೇನಿಯಾದ ಇನ್‌ಕ್ಯಾಟ್ ಕಂಪನಿಯಿಂದ 86 ಮೀಟರ್ ಉದ್ದದ ಫೆರಿಯೊಂದನ್ನು ಬಾಡಿಗೆಗೆ ಪಡೆದು, ಜರ್ವಿಸ್ ಬೇ ಎಂಬ ಹೆಸರಿಟ್ಟಿತು. ಪೂರ್ವ ತಿಮೋರ್‌ಗೆ ಶಾಂತಿಪಾಲನಾ ಪಡೆ ಕಳುಹಿಸಬೇಕಾಗಿ ಬಂದಾಗ ಅದರಲ್ಲಿ ಸೈನಿಕರನ್ನು ಆಸ್ಟ್ರೇಲಿಯಾದ ಡಾರ್ವಿನ್ ಮತ್ತು ತಿಮೋರಿನ ದಿಲಿ ನಡುವಿನ ಸುಮಾರು 430 ನಾಟಿಕಲ್ ಮೈಲಿಯನ್ನು 11 ಗಂಟೆಗಳಲ್ಲಿ ದಾಟಿಸಿತು. ಆ ಹಡಗು ಒಟ್ಟು 107 ಪ್ರಯಾಣಗಳಲ್ಲಿ ಸುಮಾರು 20,000 ಜನರನ್ನು, 430 ವಾಹನಗಳನ್ನು ಮತ್ತು 5,600 ಟನ್ ಸರಕನ್ನು ಸಾಗಿಸಿತು. ಭಾಗಿಸಿ ನೋಡಿದರೆ ಒಂದು ಪ್ರಯಾಣಕ್ಕೆ 190ರ ಆಸುಪಾಸು ಜನ, ನಾಲ್ಕು ವಾಹನ, 52 ಟನ್ ಸರಕು. ಅದರ ಶಕ್ತಿ ಇದ್ದದ್ದು ಒಂದು ಸಲದ ಹೊರೆಯಲ್ಲಿ ಅಲ್ಲ, ಮೇಲಿಂದ ಮೇಲೆ ಹೋಗಿಬರುವುದರಲ್ಲಿ. ಈ ಸಣ್ಣ ಭಾಗಾಕಾರವನ್ನು ನಾವು ಮೊದಲ ದಿನವೇ ಮಾಡಿದ್ದರೆ ಆರು ತಿಂಗಳು ಉಳಿಯುತ್ತಿತ್ತು. ಮಾಡಿದ್ದು ಮಾರ್ಚಿನಲ್ಲಿ.

ಗುರಿಯನ್ನು ಬರೆದ ರೀತಿ

ಆಗಸ್ಟಿನಲ್ಲಿ ಸಲ್ಲಿಸಿದ ಪ್ರಸ್ತಾವದಲ್ಲಿ ಗುರಿಯನ್ನು ಒಂದೇ ಸಾಲಿನಲ್ಲಿ ಬರೆಯಲಾಗಿತ್ತು: "35 ನಾಟ್‌ಗೆ ಸಮನಾದ ವೇಗವನ್ನು ಮಾದರಿಯಲ್ಲಿ ಸಾಧಿಸುವುದು." ನಾನೂ ಅದಕ್ಕೆ ಸಹಿ ಹಾಕಿದೆ. ಎಷ್ಟು ಹೊರೆಯೊಂದಿಗೆ, ಎಂಥ ಅಲೆಯಲ್ಲಿ, ಎಲ್ಲಿಂದ ಎಲ್ಲಿಗೆ ಎಂಬ ಮೂರು ಪ್ರಶ್ನೆಗಳು ಆ ಸಾಲಿನಲ್ಲಿ ಇರಲಿಲ್ಲ. ಮುಂದಿನ ಹತ್ತು ತಿಂಗಳ ತೊಡಕುಗಳೆಲ್ಲ ಈ ಮೂರು ಪ್ರಶ್ನೆಗಳು ಒಂದೊಂದಾಗಿ ಬಂದು ಬಾಗಿಲು ತಟ್ಟಿದ ಕಥೆಯೇ ಆಗಿವೆ.

ಮಾದರಿಯ ಲೆಕ್ಕ ಹೀಗಿತ್ತು. ಅಳತೆಯ ಪ್ರಮಾಣ 1:50 ಎಂದು ಹಿಡಿದರೆ 103 ಮೀಟರ್ ಹಡಗು 2.06 ಮೀಟರ್ ಆಗುತ್ತದೆ; ಅಗಲ 57 ಸೆಂಟಿಮೀಟರ್. ಹಡಗು ಎಬ್ಬಿಸುವ ಅಲೆಗಳು ಮಾದರಿಯಲ್ಲೂ ಅದೇ ಆಕಾರದಲ್ಲಿ ಏಳಬೇಕಾದರೆ ವೇಗವನ್ನು 50ರಿಂದಲ್ಲ, 50ರ ವರ್ಗಮೂಲವಾದ 7.07ರಿಂದ ಭಾಗಿಸಬೇಕು; ಇದು ಫ್ರೌಡ್ ಎಂಬ ಇಂಗ್ಲೆಂಡಿನ ಎಂಜಿನಿಯರ್ ಹತ್ತೊಂಬತ್ತನೆಯ ಶತಮಾನದಲ್ಲಿ ತೋರಿಸಿಕೊಟ್ಟ ನಿಯಮ. 35 ನಾಟ್ ಅಂದರೆ ಸೆಕೆಂಡಿಗೆ 18 ಮೀಟರ್. ಮಾದರಿಗೆ ಅದು ಸೆಕೆಂಡಿಗೆ 2.55 ಮೀಟರ್. ತೂಕ ಮಾತ್ರ 50ರ ಘನದಿಂದ, ಅಂದರೆ 1,25,000ದಿಂದ ಭಾಗವಾಗುತ್ತದೆ. ಪೂರ್ಣ ಹೊರೆಯ ಹಡಗು ಸುಮಾರು 2,400 ಟನ್ ಎಂದು ಹಿಡಿದು, ಕೆರೆಯ ಸಿಹಿನೀರು ಸಮುದ್ರದ ನೀರಿಗಿಂತ ಹಗುರ ಎಂಬುದನ್ನೂ ಸೇರಿಸಿದರೆ, ಮಾದರಿಯು ಹೊರೆಸಮೇತ 18.7 ಕಿಲೋ ತೂಗಬೇಕು. ಅದರಲ್ಲಿ ಹೊರೆಯ ಪಾಲು 4.25 ಕಿಲೋ. ವಿಷಯವೆಲ್ಲ ಆ ಸಣ್ಣ ತೂಕದಲ್ಲೇ ಅಡಗಿದೆ ಎಂಬುದು ಆಗ ನಮ್ಮ ಗಮನಕ್ಕೆ ಬರಲಿಲ್ಲ.

ಮೊದಲ ಮಾದರಿ

ನಿಜವಾದ ಹಡಗು ಅಲ್ಯೂಮಿನಿಯಂನದ್ದು, ಆದ್ದರಿಂದ ಮಾದರಿಯೂ ಅಲ್ಯೂಮಿನಿಯಂನದ್ದೇ ಆಗಬೇಕೆಂದು ತಂಡ ತೀರ್ಮಾನಿಸಿತು. ಇದು ಮೊದಲ ತಪ್ಪು ನಿರ್ಧಾರ. ಕೆರೆಯಲ್ಲಿ ವೇಗ ಅಳೆಯುವ ಮಾದರಿಗೆ ಬೇಕಾದದ್ದು ನಿಜವಾದ ಹಡಗಿನ ಆಕಾರ ಮತ್ತು ತೂಕ. ಲೋಹ ಒಂದೇ ಇರಬೇಕೆಂಬ ನಿಯಮವೇನೂ ಇಲ್ಲ.

ಗೋಕುಲ ರಸ್ತೆಯ ಸಣ್ಣ ವರ್ಕ್‌ಶಾಪೊಂದರಲ್ಲಿ ಕೆಲಸ ಆರಂಭವಾಯಿತು. ಅಲ್ಲಿಯ ವೆಲ್ಡರ್ ಉಕ್ಕಿನ ಕೆಲಸದಲ್ಲಿ ಪಳಗಿದವರು, ಆದರೆ ತೆಳ್ಳಗಿನ ಅಲ್ಯೂಮಿನಿಯಂ ಅವರಿಗೂ ಹೊಸದು. ಮೊದಲ ಎರಡು ದಿನಗಳ ಬೆಸುಗೆಯೆಲ್ಲ ಕಪ್ಪು ಮಸಿ ಹಿಡಿದು, ಕತ್ತರಿಸಿ ನೋಡಿದರೆ ಒಳಗೆ ಖಾಲಿ ದೋಸೆಯಂತೆ ತೂತು ತೂತಾಗಿತ್ತು. ಕಾರಣ ಹುಡುಕಿದಾಗ ತಿಳಿದದ್ದು, ಉಕ್ಕು ಉಜ್ಜಿದ ತಂತಿಬ್ರಷ್‌ನಿಂದಲೇ ಅಲ್ಯೂಮಿನಿಯಂ ಹಾಳೆಯನ್ನೂ ಉಜ್ಜಲಾಗಿತ್ತು, ಮತ್ತು ಮಳೆಗಾಲದ ತೇವ ಹಾಳೆಯ ಮೇಲೆ ಕೂತಿತ್ತು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಆದರೆ ಅದರ ಮೈಮೇಲಿನ ತೆಳು ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿಗೂ ಹೆಚ್ಚು ಶಾಖ ಬೇಕು. ಪೊರೆಯನ್ನು ಉಜ್ಜಿ ತೆಗೆಯದಿದ್ದರೆ ಅದರಡಿಯ ಲೋಹ ನೀರಾದರೂ ಅಂಚುಗಳು ಕೂಡಿಕೊಳ್ಳುವುದಿಲ್ಲ. ತೇವದಿಂದ ಬರುವ ಹೈಡ್ರೋಜನ್ ಕರಗಿದ ಲೋಹದಲ್ಲಿ ಸೇರಿ, ಆರುವಾಗ ಗುಳ್ಳೆಯಾಗಿ ಉಳಿಯುತ್ತದೆ. ಸ್ಟೇನ್‌ಲೆಸ್ ತಂತಿಯ ಬ್ರಷ್ಷನ್ನು ಅಲ್ಯೂಮಿನಿಯಂಗೆಂದೇ ಬೇರೆ ಇಟ್ಟು, ಅಂಚುಗಳನ್ನು ಅಸಿಟೋನ್‌ನಿಂದ ಒರೆಸಿ, ಕೂಡಲೇ ಬೆಸೆಯುವ ಕ್ರಮಕ್ಕೆ ಬಂದ ಮೇಲೆ ಬೆಸುಗೆ ಬೆಳ್ಳಗೆ ಕೂತಿತು.

ಈ ಅನುಭವ ಇನ್ನೊಂದು ಬಗೆಯಲ್ಲಿ ಕೆಲಸಕ್ಕೆ ಬಂತು. ತಣ್ಣಗೆ ಉರುಳಿಸಿ ಗಟ್ಟಿಗೊಳಿಸಿದ ಅಲ್ಯೂಮಿನಿಯಂ ಹಾಳೆ ಬೆಸುಗೆಯ ಶಾಖ ತಗುಲಿದಲ್ಲಿ ಮೆತ್ತಗಾಗುತ್ತದೆ. ಆದ್ದರಿಂದ ಇಂಥ ಹಡಗುಗಳಲ್ಲಿ ಒಡಲು ಬಿರಿಯುವ ಭಯ ಬೆಸುಗೆಯ ಅಕ್ಕಪಕ್ಕದಲ್ಲೇ ಹೆಚ್ಚು. ಪುಸ್ತಕದಲ್ಲಿ ಓದಿ ಮರೆಯುತ್ತಿದ್ದ ಈ ಮಾತನ್ನು ವಿದ್ಯಾರ್ಥಿಗಳು ಹಾಳೆಯನ್ನು ಕೈಯಿಂದ ಬಾಗಿಸಿ ನೋಡಿ ಕಲಿತರು: ಬೆಸುಗೆಯಿಂದ ಒಂದು ಬೆರಳು ಆಚೆ ಅದು ಸುಲಭವಾಗಿ ಮಣಿಯುತ್ತಿತ್ತು, ಒಂದು ಗೇಣು ಆಚೆ ಜಪ್ಪಯ್ಯ ಎಂದರೂ ಮಣಿಯುತ್ತಿರಲಿಲ್ಲ.

ಆದರೆ ತೂಕ ಹದ ಮೀರಿತ್ತು. 2 ಮಿಲಿಮೀಟರ್‌ಗಿಂತ ತೆಳುವಾದ ಹಾಳೆ ಬೆಸುಗೆಯಲ್ಲಿ ತೂತು ಬೀಳುತ್ತಿದ್ದುದರಿಂದ ಅದೇ ದಪ್ಪವನ್ನು ಬಳಸಬೇಕಾಯಿತು, ಮತ್ತು ಬರೀ ಒಡಲೇ 27 ಕಿಲೋ ಆಯಿತು. ಬ್ಯಾಟರಿ, ಮೋಟಾರು, ಜೆಟ್ ಸೇರಿ 34 ಕಿಲೋ ಮುಟ್ಟಿತು. ಒಡಲುಗಳು ನೀಳ ಮತ್ತು ಕಿರಿದಾಗಿದ್ದರಿಂದ ಪ್ರತಿ 3.3 ಕಿಲೋ ಹೆಚ್ಚಳಕ್ಕೆ ಮಾದರಿ ಒಂದು ಸೆಂಟಿಮೀಟರ್ ಕೆಳಗಿಳಿಯುತ್ತದೆ. ಹೊರೆ ಹಾಕುವ ಮೊದಲೇ ಅದು ನಾಲ್ಕೂವರೆ ಸೆಂಟಿಮೀಟರ್ ಹೆಚ್ಚು ಮುಳುಗಿತ್ತು. ಅಕ್ಟೋಬರಿನ ಒಂದು ಮುಂಜಾನೆ, ಅನುಮತಿ ಪಡೆದು, ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲಿ ಬಿಟ್ಟಾಗ ಅದು ತನ್ನ ಮುಂದೆ ನೀರಿನ ಗುಡ್ಡೆಯೊಂದನ್ನು ತಳ್ಳುತ್ತ ಸಾಗಿತು; ವಾಯುವಿಹಾರಕ್ಕೆ ಬಂದವರು ನಿಂತು ನೋಡಿದರು. ಗುರಿಯ ಅರ್ಧ ವೇಗವೂ ಬರಲಿಲ್ಲ.

ತಂಡದ ಇಬ್ಬರು ಇನ್ನೂ ಬಲವಾದ ಮೋಟಾರು ಹಾಕೋಣ ಎಂದರು. ತಂಡದ ನಾಯಕಿ ಒಪ್ಪಲಿಲ್ಲ. ಅವಳು ಕರಿಹಲಗೆಯ ಮೇಲೆ ಬರೆದು ತೋರಿಸಿದ್ದು ಇಷ್ಟೇ: ದೊಡ್ಡ ಮೋಟಾರಿಗೆ ದೊಡ್ಡ ಬ್ಯಾಟರಿ ಬೇಕು, ಅದರ ತೂಕ ಮತ್ತೆ ಒಡಲನ್ನು ಮುಳುಗಿಸುತ್ತದೆ, ಮುಳುಗಿದ ಒಡಲಿಗೆ ಮತ್ತೆ ದೊಡ್ಡ ಮೋಟಾರು ಬೇಕು. ಈ ಸುಳಿಯಿಂದ ಹೊರಬರುವ ದಾರಿ ತೂಕ ಇಳಿಸುವುದೊಂದೇ. ಎರಡು ತಿಂಗಳ ಶ್ರಮವನ್ನು ಬದಿಗಿಡುವ ಧೈರ್ಯ ಇಪ್ಪತ್ತೊಂದರ ವಯಸ್ಸಿನಲ್ಲಿ ಸುಲಭವಲ್ಲ. ಆ ನಿರ್ಧಾರಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ.

ಮರಳಿನ ಚೀಲ

ಎರಡನೆಯ ಮಾದರಿಯನ್ನು ಥರ್ಮಾಕೋಲ್ ತಿರುಳಿನ ಮೇಲೆ ಫೈಬರ್ ಬಟ್ಟೆ ಮತ್ತು ರಾಳ ಹಚ್ಚಿ ತಯಾರಿಸಲಾಯಿತು. ಜನವರಿಯಲ್ಲಿ ಎಲ್ಲ ಸಾಮಾನು ಸೇರಿ 14.4 ಕಿಲೋ ತೂಗಿತು. ಹೊರೆಗೆ ಸರಿಯಾಗಿ ಜಾಗ ಉಳಿಯಿತು. ದಡದಲ್ಲಿ 25 ಮೀಟರ್ ಅಂತರದಲ್ಲಿ ಎರಡು ಗಳ ನೆಟ್ಟು ಕಾಲ ಅಳೆದೆವು. ಖಾಲಿ ಮಾದರಿ ಆ ದೂರವನ್ನು 9.8 ಸೆಕೆಂಡಿನಲ್ಲಿ ದಾಟಿತು. ಅದು ಸರಿಯಾಗಿ 35 ನಾಟ್‌ಗೆ ಸಮ. ವಿದ್ಯಾರ್ಥಿಗಳು ಕುಣಿದಾಡಿದರು; ಅಂದು ಸಂಜೆ ಧಾರವಾಡದಿಂದ ಫೇಡೆಯೂ ಬಂತು.

ಮರುವಾರ 4.25 ಕಿಲೋ ಮರಳಿನ ಚೀಲವನ್ನು ಹಿಂಬದಿಯ ಡೆಕ್ಕಿನಲ್ಲಿಟ್ಟು ಓಡಿಸಿದಾಗ 11.4 ಸೆಕೆಂಡು ಬೇಕಾಯಿತು, ಅಂದರೆ 30 ನಾಟ್. ಹಿಂಭಾಗ ತಗ್ಗಿ ಮೂತಿ ಎದ್ದಿತ್ತು. ಚೀಲವನ್ನು 18 ಸೆಂಟಿಮೀಟರ್ ಮುಂದಕ್ಕೆ ಸರಿಸಿದೊಡನೆ ಮಾದರಿ ಸಮವಾಗಿ ಕೂತು ಕಾಲ 10.7 ಸೆಕೆಂಡಿಗೆ ಇಳಿಯಿತು, 32 ನಾಟ್. ಅದೇ ಮೋಟಾರು, ಅದೇ ಬ್ಯಾಟರಿ, ಅದೇ ತೂಕ. ಚೀಲ ಕೂತ ಜಾಗ ಬದಲಾದದ್ದಕ್ಕೆ ಎರಡು ನಾಟ್ ಮರಳಿ ಬಂತು. ನಿಜವಾದ ಹಡಗಿನ ಲೆಕ್ಕದಲ್ಲಿ 18 ಸೆಂಟಿಮೀಟರ್ ಅಂದರೆ 9 ಮೀಟರ್, ಒಂದು ದೊಡ್ಡ ಲಾರಿಯ ಉದ್ದ. ಯಾವ ಲಾರಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದು ಕೂಡ ವೇಗದ ಪ್ರಶ್ನೆಯೇ ಎಂದು ನಮಗೆ ಮೊದಲು ಹೊಳೆದದ್ದು ಆಗ.

ನಿವೃತ್ತ ನಾವಿಕರ ಪ್ರಶ್ನೆ

ಪ್ರಕರಣದ ದಿಕ್ಕು ಬದಲಾದದ್ದು ಫೆಬ್ರವರಿಯಲ್ಲಿ. ನೌಕಾಪಡೆಯ ಎಂಜಿನ್ ವಿಭಾಗದಲ್ಲಿ ಹಲವು ವರ್ಷ ದುಡಿದು, ಅಂಡಮಾನಿನಲ್ಲೂ ಇದ್ದು, ಈಗ ಹುಬ್ಬಳ್ಳಿಯಲ್ಲಿ ನೆಲೆಸಿರುವ ಹಿರಿಯರೊಬ್ಬರನ್ನು ಒಬ್ಬ ವಿದ್ಯಾರ್ಥಿ ಕರೆತಂದ. ವಿದ್ಯಾರ್ಥಿಗಳು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಅವರು ಕೆರೆಯ ದಂಡೆಯಲ್ಲಿ ಮೂರು ಓಟಗಳನ್ನು ಮೌನವಾಗಿ ನೋಡಿ, ಆಮೇಲೆ ಕೇಳಿದರು:

"ಹಡಗ ಓಡೂದು ಚೊಲೋ ಆತ್ ತಮ್ಮಾ. ಲಾರಿ ಹೆಂಗ ಹತ್ತತಾವ, ಹೆಂಗ ಇಳೀತಾವ, ಅದನ್ನ ಹೇಳ್ರಿ ಮೊದಲ."

ಉತ್ತರ ಯಾರಲ್ಲೂ ಇರಲಿಲ್ಲ. ಅಲ್ಲಿಯತನಕ ತಂಡ ವಾಹನಗಳು ಹತ್ತಿಳಿಯುವ ಹಿಂಬದಿಯ ಇಳಿಜಾರು ಹಲಗೆಯನ್ನು, ಅಂದರೆ ರ‍್ಯಾಂಪನ್ನು ನಕ್ಷೆಯಲ್ಲಿ ಒಂದು ಗೆರೆಯಾಗಿ ಮಾತ್ರ ಬಿಡಿಸಿತ್ತು.

ಅವರು ಇನ್ನೊಂದು ತಪ್ಪನ್ನೂ ತೋರಿಸಿದರು. ತಂಡವು ಕಾರವಾರದಿಂದ ಲಕ್ಷದ್ವೀಪದ ಕವರತ್ತಿಗೆ, ಸುಮಾರು 270 ನಾಟಿಕಲ್ ಮೈಲಿಯ ಪ್ರಯಾಣವನ್ನು ಉದಾಹರಣೆಗೆ ತೆಗೆದುಕೊಂಡಿತ್ತು. ಕಾರವಾರ ನಮಗೆ ಹತ್ತಿರ ಎಂಬುದನ್ನು ಬಿಟ್ಟರೆ ಆ ಆಯ್ಕೆಗೆ ಬೇರೆ ಕಾರಣವಿರಲಿಲ್ಲ. ಲಕ್ಷದ್ವೀಪದ ನಡುಗಡ್ಡೆಗಳು ಹವಳದ ದಿಬ್ಬಗಳು. ಸುತ್ತಲೂ ಆಳವಿಲ್ಲದ ನೀರು. ಅಲ್ಲಿ ದೊಡ್ಡ ಹಡಗುಗಳು ಹೊರಗೆ ನಿಂತು ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಕಳುಹಿಸುವ ರೂಢಿಯಿದೆ. ರ‍್ಯಾಂಪ್ ಇಳಿಸಿ ಲಾರಿ ಓಡಿಸಬೇಕಾದ ಹಡಗಿಗೆ ಗಟ್ಟಿ ಧಕ್ಕೆಯೇ, ಅಂದರೆ ಹಡಗು ತಾಗಿ ನಿಲ್ಲುವ ಕಟ್ಟೆಯೇ ಬೇಕು. ಅಂಡಮಾನಿನ ಪೋರ್ಟ್ ಬ್ಲೇರ್‌ನಿಂದ (2024ರಿಂದ ಅದರ ಹೆಸರು ಶ್ರೀ ವಿಜಯಪುರಂ) ಗ್ರೇಟ್ ನಿಕೋಬಾರಿನ ಕ್ಯಾಂಪ್‌ಬೆಲ್ ಬೇಗೆ ಲೆಕ್ಕ ಹಾಕಿರಿ ಎಂದು ಅವರು ಸೂಚಿಸಿದರು. ನೇರ ಗೆರೆಯಲ್ಲಿ ಅದು ಸುಮಾರು 290 ನಾಟಿಕಲ್ ಮೈಲಿ. ಪೋರ್ಟ್ ಬ್ಲೇರ್ 2001ರಿಂದ ಮೂರೂ ಪಡೆಗಳ ಜಂಟಿ ಕಮಾಂಡಿನ ಕೇಂದ್ರ. ಕ್ಯಾಂಪ್‌ಬೆಲ್ ಬೇಯಲ್ಲಿ ಧಕ್ಕೆಯೂ ಇದೆ, 2012ರಲ್ಲಿ ಆರಂಭವಾದ ಐಎನ್ಎಸ್ ಬಾಜ್ ವಾಯುನೆಲೆಯೂ ಇದೆ.

ಆ ಸಂಜೆ ನಾವು ಗುರಿಯ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆದೆವು: ಪೋರ್ಟ್ ಬ್ಲೇರ್‌ನಲ್ಲಿ ಮೊದಲ ಲಾರಿ ರ‍್ಯಾಂಪ್ ಮುಟ್ಟಿದ ಕ್ಷಣದಿಂದ ಕ್ಯಾಂಪ್‌ಬೆಲ್ ಬೇಯಲ್ಲಿ ಕೊನೆಯ ಲಾರಿ ನೆಲ ಮುಟ್ಟುವ ಕ್ಷಣದವರೆಗೆ ಎಷ್ಟು ಗಂಟೆ?

ಬೈಪಾಸ್ ಪಕ್ಕದ ಅಂಗಳ

ಹುಬ್ಬಳ್ಳಿಗೆ ಲಾರಿಗಳ ಕೊರತೆಯೇ? ಗಬ್ಬೂರು ಬೈಪಾಸ್ ಹತ್ತಿರದ ಟ್ರಾನ್ಸ್‌ಪೋರ್ಟ್ ಅಂಗಳವೊಂದರಲ್ಲಿ ಸುಣ್ಣದ ಪುಡಿಯಿಂದ 18 ಮೀಟರ್ ಅಗಲದ ಡೆಕ್ ಮತ್ತು ನಾಲ್ಕೂವರೆ ಮೀಟರ್ ಅಗಲದ ರ‍್ಯಾಂಪ್ ಬರೆದು, ಹತ್ತು ಗಾಲಿಯ ಲಾರಿಯ ಚಾಲಕರೊಬ್ಬರನ್ನು ಒಳಗೆ ತಿರುಗಿಸಿಕೊಂಡು ಬರುವಂತೆ ಕೇಳಿಕೊಂಡೆವು. ಒಂದೇ ಸುತ್ತಿನಲ್ಲಿ ತಿರುಗಲು ಅಷ್ಟು ಅಗಲ ಸಾಲಲಿಲ್ಲ. ಹಿಂದೆ ಮುಂದೆ ಮಾಡಿ ತಿರುಗಿಸುವಾಗ ಎರಡು ಸಲ ಸುಣ್ಣದ ಗೆರೆ ದಾಟಿತು, ಅಂದರೆ ಹಡಗಿನ ಗೋಡೆಗೆ ಬಡಿಯಿತು. ಇನ್ನು ಉಳಿದದ್ದು ಎರಡೇ ದಾರಿ: ಮುಂದಕ್ಕೆ ಹತ್ತಿಸಿ ಹಿಂದಕ್ಕೆ ಇಳಿಸುವುದು, ಇಲ್ಲವೇ ಹಿಂದಕ್ಕೆ ಹತ್ತಿಸಿ ಮುಂದಕ್ಕೆ ಇಳಿಸುವುದು.

ಹಲವು ಸಲ ಅಳೆದ ಮೇಲೆ ಸಿಕ್ಕ ಸರಾಸರಿ ಹೀಗಿತ್ತು: ರಿವರ್ಸ್‌ನಲ್ಲಿ ರ‍್ಯಾಂಪ್ ಹಿಡಿದು ಜಾಗಕ್ಕೆ ಕೂರಿಸಲು ಲಾರಿಗೆ 6 ನಿಮಿಷ, ನೇರವಾಗಿ ಹೊರಬರಲು 2 ನಿಮಿಷ. 40 ವಾಹನಗಳೆಂದರೆ 4 ಗಂಟೆಯ ಎದುರು 1 ಗಂಟೆ 20 ನಿಮಿಷ. ಎರಡು ಕ್ರಮಗಳಲ್ಲೂ ಒಟ್ಟು ಮೊತ್ತ ಒಂದೇ. ಆದರೆ ಹಿಂದಕ್ಕೆ ಹತ್ತಿಸುವ ನಿಧಾನದ ಕೆಲಸವನ್ನು ಹೊರಡುವ ಬಂದರಿನಲ್ಲಿ, ಸೈನಿಕರು ಬಂದು ಸೇರುವುದಕ್ಕೆ ಮುಂಚೆಯೇ ಮುಗಿಸಬಹುದು. ಆಗ ಇಳಿಯುವ ಕಡೆ, ಅಂದರೆ ಹಡಗು ಅತ್ಯಂತ ಅಸಹಾಯಕವಾಗಿ ನಿಂತಿರುವ ಜಾಗದಲ್ಲಿ, 2 ಗಂಟೆ 40 ನಿಮಿಷ ಉಳಿಯುತ್ತದೆ.

ಈ ಉಳಿತಾಯವನ್ನು ವೇಗದ ಪಕ್ಕದಲ್ಲಿಟ್ಟು ನೋಡಿದಾಗ ನಮಗೆಲ್ಲ ಆಶ್ಚರ್ಯವಾಯಿತು. 290 ನಾಟಿಕಲ್ ಮೈಲಿಗೆ 35 ನಾಟ್‌ನಲ್ಲಿ 8 ಗಂಟೆ 17 ನಿಮಿಷ. 28 ನಾಟ್‌ನಲ್ಲಿ 10 ಗಂಟೆ 21 ನಿಮಿಷ. ವ್ಯತ್ಯಾಸ 2 ಗಂಟೆ 4 ನಿಮಿಷ ಮಾತ್ರ. ಶಕ್ತಿಯ ಬೇಡಿಕೆ ಸ್ಥೂಲವಾಗಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ 28 ನಾಟ್‌ಗೆ ಬೇಕಾಗುವುದು 35 ನಾಟ್‌ಗೆ ಬೇಕಾದ ಶಕ್ತಿಯ ಅರ್ಧದಷ್ಟು. ಲಾರಿಗಳನ್ನು ಹಿಂದುಮುಂದಾಗಿ ನಿಲ್ಲಿಸಿದರೆ ಇಳಿಯುವ ಕಡೆ ಸಿಗುವ ಲಾಭ, ಎಂಜಿನ್‌ನ ಶಕ್ತಿಯನ್ನು ಇಮ್ಮಡಿಗೊಳಿಸಿ ಪಡೆಯುವ ಲಾಭಕ್ಕಿಂತ ಹೆಚ್ಚು.

ಲಾರಿಯ ಚಾಲಕರಿಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. ಅಮರಗೋಳದ ಎಪಿಎಂಸಿಯಿಂದ ಮೂರು ಊರಿಗೆ ಮಾಲು ಒಯ್ಯುವಾಗ ತಾವು ಮಾಡುವುದು ಇದನ್ನೇ ಎಂದರು. "ಕಡೀಗೆ ಏರಿಸಿದ್ದ ಮೊದಲ ಇಳೀತೈತ್ರಿ ಸರ್. ಅದಕ್ಕ ಮೊದಲ ಇಳಸೂ ಊರಿಂದು ಕಡೀಗೆ ಏರಸ್ಬೇಕು." ಸೈನ್ಯದ ಸಾಗಣೆಯಲ್ಲೂ ನಿಯಮ ಅದೇ: ದಡ ಮುಟ್ಟಿದೊಡನೆ ಬೇಕಾಗುವ ವಾಹನ ರ‍್ಯಾಂಪಿಗೆ ಅತಿ ಹತ್ತಿರ ಇರಬೇಕು. ಆದರೆ ಇಲ್ಲಿ ಮರಳಿನ ಚೀಲದ ಪಾಠ ಅಡ್ಡ ಬರುತ್ತದೆ. ಮೊದಲು ಬೇಕಾಗುವ ವಾಹನಗಳೇ ಅತಿ ಭಾರವಾಗಿದ್ದು ಎಲ್ಲವೂ ಹಿಂಬದಿಯಲ್ಲಿ ಕೂತರೆ ಹಡಗು ಹಿಂದಕ್ಕೆ ತಗ್ಗಿ ವೇಗ ಕಳೆದುಕೊಳ್ಳುತ್ತದೆ. ಇಂಧನದ ತೊಟ್ಟಿಗಳನ್ನು ಮುಂದಕ್ಕೆ ಹಂಚಿ ಇದನ್ನು ಸರಿದೂಗಿಸಲು ತಂಡ ಎರಡು ವಾರ ವ್ಯಯಿಸಿತು. ನನ್ನ ಮಟ್ಟಿಗೆ ಇಡೀ ವರದಿಯಲ್ಲಿ ಅತ್ಯುತ್ತಮ ಅಧ್ಯಾಯ ಅದೇ.

ಜೂನ್ ತಿಂಗಳ ಗಾಳಿ

ಮೇ ತಿಂಗಳಲ್ಲಿ ವರದಿ ಸಲ್ಲಿಕೆಯಾಯಿತು, ಮೌಖಿಕ ಪರೀಕ್ಷೆಯೂ ಮುಗಿಯಿತು. ಪರೀಕ್ಷಕರೊಬ್ಬರು ಕೇಳಿದ ಪ್ರಶ್ನೆಗೆ ಮಾತ್ರ ತಂಡ ತೃಪ್ತಿಕರವಾಗಿ ಉತ್ತರಿಸಲಿಲ್ಲ: "ಮಳೆಗಾಲದಲ್ಲೂ ಇದೇ ವೇಗವೇ?" ನಮ್ಮ ಓಟಗಳೆಲ್ಲ ಗಾಳಿಯಿಲ್ಲದ ಮುಂಜಾನೆಗಳಲ್ಲಿ ನಡೆದಿದ್ದವು. ಅಂಕಗಳು ಬಂದಾಗಿತ್ತು, ಐವರಲ್ಲಿ ಇಬ್ಬರಿಗೆ ಕೆಲಸವೂ ಸಿಕ್ಕಿತ್ತು. ಹಾಗಿದ್ದೂ ನಾಯಕಿ ಮತ್ತು ಇನ್ನಿಬ್ಬರು ಜೂನ್‌ವರೆಗೆ ಊರಲ್ಲೇ ಉಳಿದು, ಪಡುವಣ ಗಾಳಿ ಬೀಸುವುದನ್ನು ಕಾಯಲು ನಿರ್ಧರಿಸಿದರು.

ಒಂದೊಂದು ಸೆಂಟಿಮೀಟರಿಗೆ ಕೆಂಪು ಬಿಳಿ ಪಟ್ಟಿ ಬಳಿದ ಬಿದಿರ ಗಳವನ್ನು ನೀರಿನಲ್ಲಿ ನೆಟ್ಟು ಅಲೆಯ ಎತ್ತರ ಓದಿದೆವು. ಮಾದರಿಯ ಲೆಕ್ಕದಲ್ಲಿ ಎರಡೂವರೆ ಸೆಂಟಿಮೀಟರ್ ಅಲೆ ಎಂದರೆ ಸಮುದ್ರದ 1.25 ಮೀಟರ್, ಐದು ಸೆಂಟಿಮೀಟರ್ ಎಂದರೆ 2.5 ಮೀಟರ್. ಕೆರೆಯ ಅಲೆಗಳು ಸಮುದ್ರದ ಮಳೆಗಾಲದ ಅಲೆಗಳಿಗಿಂತ ಗಿಡ್ಡ ಮತ್ತು ಕಡಿದಾಗಿರುತ್ತವೆ, ಆದ್ದರಿಂದ ಹೋಲಿಕೆ ಸಂಪೂರ್ಣವಲ್ಲ ಎಂಬುದನ್ನು ವರದಿಯಲ್ಲಿ ಬರೆದಿದ್ದೇವೆ. ಎರಡೂವರೆ ಸೆಂಟಿಮೀಟರಿನವರೆಗೆ ಮಾದರಿ ಚೆನ್ನಾಗಿ ಓಡಿತು. ಐದು ಸೆಂಟಿಮೀಟರ್ ಮುಟ್ಟಿದ ಮಧ್ಯಾಹ್ನ, ಎರಡು ಒಡಲುಗಳ ನಡುವಿನ ಸೇತುಡೆಕ್ಕಿನ ತಳಕ್ಕೆ ಅಲೆ ಬಡಿಯುವ ಧಡ್ ಧಡ್ ಸದ್ದು ದಡಕ್ಕೂ ಕೇಳುತ್ತಿತ್ತು. ನಾಲ್ಕನೆಯ ಓಟದಲ್ಲಿ ಸೇತುಡೆಕ್ಕಿನ ಮುಂಚೂಣಿ ಎಡ ಒಡಲನ್ನು ಕೂಡುವಲ್ಲಿ ಬಿರುಕು ಬಿಟ್ಟಿತು; ಬೆರಳ ಉಗುರು ಸೇರುವಷ್ಟು. ವೇಗವನ್ನು ಸೆಕೆಂಡಿಗೆ 1.1 ಮೀಟರಿಗೆ, ಅಂದರೆ 15 ನಾಟ್‌ನ ಸಮಕ್ಕೆ ಇಳಿಸಿದ ಮೇಲೆಯೇ ಬಡಿತ ಸಹನೀಯವಾಯಿತು.

ಆಧಾರವಾಗಿ ಹಿಡಿದ ಹಡಗಿನ ಮಿತಿಗಳನ್ನು ಆಮೇಲೆ ಎದುರಿಗಿಟ್ಟು ನೋಡಿದೆವು. ಅದರ 35 ನಾಟ್ ವೇಗ ದೊರೆಯುವುದು ಅಲೆ 1.25 ಮೀಟರಿನ ಒಳಗಿದ್ದಾಗ. 2.5 ಮೀಟರಿನವರೆಗೆ 15 ನಾಟ್, 4 ಮೀಟರಿನವರೆಗೆ 5 ನಾಟ್. ಅದನ್ನೂ ಮೀರಿದರೆ ನಿಂತು ಸಮುದ್ರ ತಣ್ಣಗಾಗುವುದನ್ನು ಕಾಯಬೇಕು. ಆ ವರ್ಗದ ಮೊದಲ ಹಡಗುಗಳ ಮೂತಿಯ ಭಾಗವನ್ನೂ ಅಲೆಯ ಹೊಡೆತಕ್ಕೆ ತಡೆದುಕೊಳ್ಳುವಂತೆ ನಂತರ ಬಲಪಡಿಸಬೇಕಾಗಿ ಬಂದಿತ್ತು. ಬಲಪಡಿಸುವುದೆಂದರೆ ಮತ್ತೆ ಲೋಹ, ಮತ್ತೆ ತೂಕ. ನಾವು ಅಕ್ಟೋಬರಿನಲ್ಲಿ ಕಂಡ ಸುಳಿ ಅಲ್ಲೂ ಇದೆ.

ಲೆಕ್ಕ ತಲೆಕೆಳಗಾಯಿತು. 290 ನಾಟಿಕಲ್ ಮೈಲಿಗೆ 15 ನಾಟ್‌ನಲ್ಲಿ 19 ಗಂಟೆ 20 ನಿಮಿಷ. 5 ನಾಟ್‌ನಲ್ಲಿ 58 ಗಂಟೆ. ನಮ್ಮ ನೌಕಾಪಡೆಯ ಐಎನ್ಎಸ್ ಜಲಾಶ್ವದಂಥ, ಸುಮಾರು 17,000 ಟನ್ನಿನ, 20 ನಾಟ್‌ನ ಭಾರಿ ಹಡಗು ಅದೇ ದೂರವನ್ನು 14 ಗಂಟೆ 30 ನಿಮಿಷದಲ್ಲಿ ಸಾಗುವ ಸಾಮರ್ಥ್ಯದ್ದು, ಮತ್ತು ಅಂಥ ಗಾತ್ರದ ಒಡಲು ಎರಡೂವರೆ ಮೀಟರ್ ಅಲೆಗೆ ಅಷ್ಟೊಂದು ಕುಗ್ಗುವುದಿಲ್ಲ. 2020ರ ಮೇ ತಿಂಗಳಲ್ಲಿ, ಕೋವಿಡ್ ಕಾಲದ ಸಮುದ್ರ ಸೇತು ಕಾರ್ಯಾಚರಣೆಯಲ್ಲಿ ಜಲಾಶ್ವ ಮಾಲ್ಡೀವ್ಸ್‌ನ ಮಾಲೆಯಿಂದ ಕೊಚ್ಚಿಗೆ ಒಂದೇ ಬಾರಿಗೆ 698 ಜನರನ್ನು ಕರೆತಂದಿತು; 312 ಆಸನದ ಹಡಗಿಗೆ ಅದು ಮೂರು ಪ್ರಯಾಣ. ಇನ್ನು 2004ರ ಸುನಾಮಿಯಲ್ಲಿ ನಿಕೋಬಾರಿನ ಧಕ್ಕೆಗಳು ಮುರಿದುಬಿದ್ದಾಗಿನಂಥ ಪರಿಸ್ಥಿತಿಯಲ್ಲಿ, ಮರಳದಂಡೆಗೇ ಮೂತಿ ತಾಗಿಸಿ ಬಾಗಿಲು ತೆರೆಯುವ 15 ನಾಟ್‌ನ ಲ್ಯಾಂಡಿಂಗ್ ದೋಣಿಗಳು ಮಾಡುವ ಕೆಲಸವನ್ನು ಈ ವೇಗದ ಹಡಗು ಮಾಡಲಾರದು.

ಹಾಗೆಂದು ವೇಗದ ಹಡಗು ವ್ಯರ್ಥ ಎಂಬ ತೀರ್ಮಾನಕ್ಕೆ ತಂಡ ಬರಲಿಲ್ಲ, ನಾನೂ ಬರುವುದಿಲ್ಲ. ಜರ್ವಿಸ್ ಬೇ ತೋರಿಸಿದಂತೆ, ಕೆಲವು ನೂರು ಮೈಲಿಯ ದೂರ, ಎರಡೂ ಕಡೆ ಗಟ್ಟಿ ಧಕ್ಕೆ, ಮತ್ತೆ ಮತ್ತೆ ಹೋಗಿಬರುವ ಅಗತ್ಯ ಇವು ಕೂಡಿದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ನಮ್ಮ ಸಮುದ್ರಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಕೈ ಕಟ್ಟಿರುತ್ತದೆ ಎಂಬುದನ್ನು ಸೇರಿಸದೆ 35 ಎಂಬ ಅಂಕಿಯನ್ನು ಬರೆಯುವುದು ಓದುವವರಿಗೆ ಮಾಡುವ ಮೋಸ. ಒಂದೇ ಹಡಗಿನ ವೇಗವನ್ನು ನೆಚ್ಚುವುದರ ಅಪಾಯಕ್ಕೂ ಉದಾಹರಣೆಯಿದೆ: 1990ರ ಆಗಸ್ಟಿನಲ್ಲಿ ಪರ್ಷಿಯನ್ ಕೊಲ್ಲಿಗೆ ಸೇನಾ ಸಾಮಗ್ರಿ ಒಯ್ಯುತ್ತಿದ್ದ, 33 ನಾಟ್ ಓಡಬಲ್ಲ ಅಮೆರಿಕದ ಅಂಟಾರೆಸ್ ಹಡಗು ಅಟ್ಲಾಂಟಿಕ್ ನಡುವೆ ಕೆಟ್ಟು ನಿಂತು, ಅದನ್ನು ಸ್ಪೇನಿನ ರೋಟಾ ಬಂದರಿಗೆ ಎಳೆದೊಯ್ಯಬೇಕಾಯಿತು.

ಆಮೇಲೆ

ಮೂವರೂ ಸೇರಿ ಏಳು ಪುಟಗಳ ಅನುಬಂಧ ಬರೆದು ಗ್ರಂಥಾಲಯದಲ್ಲಿದ್ದ ವರದಿಗೆ ಸೇರಿಸಿದರು. ಮೊದಲ ಪುಟದಲ್ಲಿ "35 ನಾಟ್ ಸಾಧಿಸಲಾಗಿದೆ" ಎಂದಿದ್ದ ಸಾಲಿನ ಪಕ್ಕದಲ್ಲಿ ನಾಯಕಿ ಪೆನ್ನಿನಿಂದ "ಖಾಲಿ, ನಿಂತ ನೀರಿನಲ್ಲಿ" ಎಂದು ಬರೆದು ಸಹಿ ಹಾಕಿದಳು. ಅದರ ಕೆಳಗೆ ನಾನೂ ಹಾಕಿದೆ. ಆಗಸ್ಟಿನಲ್ಲಿ ಗುರಿಯ ಸಾಲನ್ನು ಓದಿಯೂ ಮೂರು ಪ್ರಶ್ನೆ ಕೇಳದೆ ಬಿಟ್ಟವನು ನಾನೇ. ಈಗ ಯಾವ ಯೋಜನೆಯ ಪ್ರಸ್ತಾವ ಬಂದರೂ ಅದರ ಅಂಕಿಯ ಮುಂದೆ ಹೊರೆ, ಅಲೆ, ದಾರಿ ಎಂಬ ಮೂರು ಖಾನೆಗಳನ್ನು ಗೆರೆ ಎಳೆದು ಕೊಡುತ್ತೇನೆ. ಪಂಪಿನ ಯೋಜನೆಯಾದರೆ ಹೆಸರುಗಳು ಬೇರೆಯಾಗುತ್ತವೆ, ಖಾನೆಗಳು ಮೂರೇ ಇರುತ್ತವೆ.

ಫೈಬರ್ ಮಾದರಿ ಈಗ ಲ್ಯಾಬಿನ ಕಪಾಟಿನ ಮೇಲಿದೆ. ಬಿರುಕನ್ನು ಮುಚ್ಚಿಲ್ಲ; ಹೊಸದಾಗಿ ಬಂದವರು ಬೆರಳಿಟ್ಟು ನೋಡಲಿ ಎಂದು ಹಾಗೆಯೇ ಬಿಟ್ಟಿದ್ದೇವೆ. ಈ ವರ್ಷದ ತಂಡ ಅದಕ್ಕೆ ಅಲುಗಾಡುವ ರ‍್ಯಾಂಪ್ ಜೋಡಿಸುತ್ತಿದೆ. ಅಲೆಯಲ್ಲಿ ಹಡಗು ಏರಿಳಿಯುವಾಗ ಧಕ್ಕೆಯ ಮೇಲಿನ ರ‍್ಯಾಂಪಿನ ತುದಿ ಎಷ್ಟು ಜಾರುತ್ತದೆ ಎಂಬುದು ಅವರ ಪ್ರಶ್ನೆ, ಮತ್ತು ಬಿಜಾಗರಿಗಾಗಿ ಅವರು ಕಳೆದ ಶನಿವಾರ ಅದೇ ಗೋಕುಲ ರಸ್ತೆಯ ವೆಲ್ಡರ್ ಬಳಿಗೆ ಹೋಗಿದ್ದರು. ಅವರ ಗೋಡೆಯ ಮೊಳೆಯಲ್ಲಿ ಸ್ಟೇನ್‌ಲೆಸ್ ಬ್ರಷ್ಷೊಂದು ಬೇರೆಯಾಗಿ ತೂಗುತ್ತಿದೆಯಂತೆ.